ನಯವಾದ ಹದಿನಾಲ್ಕು ತಲೆಗಳು

ಆಸ್ಪತ್ರೆಯ ಹಾಜರಿ ಪುಸ್ತಕ ಬಿಟ್ಟರೆ ಅವಳ ನಿಜವಾದ ಹೆಸರು ಇನ್ನೆಲ್ಲೂ ಉಳಿದಿರಲಿಲ್ಲ. ವಾರ್ಡಿನ ನರ್ಸುಗಳಿಂದ ಹಿಡಿದು ಲಿಫ್ಟಿನವನ ತನಕ ಎಲ್ಲರಿಗೂ ಅವಳು ‘ಅಲ್ಲಾಡಬೇಡಿ ಅಕ್ಕ’. ನೆಲಮಾಳಿಗೆಯ ಎಂಆರ್‌ಐ ಕೋಣೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಕೂತು, ಗಾಜಿನಾಚೆ ಸುರಂಗದಲ್ಲಿ ಮಲಗಿದವರಿಗೆ ಮೈಕಿನಲ್ಲಿ ದಿನಕ್ಕೆ ಐವತ್ತು ಸಲ ಅದೊಂದೇ ಮಾತು ಹೇಳಿದವಳಿಗೆ ಬೇರೆ ಯಾವ ಹೆಸರು ಅಂಟಿಕೊಂಡೀತು? ಅದನ್ನೂ ಅವಳೇನು ಸಕ್ಕರೆ ಬೆರೆಸಿ ಹೇಳುತ್ತಿರಲಿಲ್ಲ. ಗದರಿಕೊಂಡೇ ಹೇಳುತ್ತಿದ್ದಳು. ಒಳಗೆ ಮಲಗಿದ್ದವರು ಹೆದರಿಕೆಗೇ ಕಲ್ಲಾಗುತ್ತಿದ್ದರು, ಚಿತ್ರ ಚೆನ್ನಾಗಿ ಬರುತ್ತಿತ್ತು.

ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇತ್ತು. ಇರದೆ ಏನು ಮಾಡೀತು? ಆ ಕೋಣೆಯಲ್ಲಿರುವುದು ಸದಾ ಎಚ್ಚರವಾಗಿರುವ ಅಯಸ್ಕಾಂತ. ಜೇಬಿನಲ್ಲಿ ಏನೂ ಇಲ್ಲ ಎಂದು ಪ್ರಮಾಣ ಮಾಡಿದವನ ಜೇಬಿನಿಂದಲೇ ಬೀಗದ ಕೈ ಗೊಂಚಲು ಹಾರಿ ಸುರಂಗದ ಬಾಯಿಗೆ ಬಡಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಒಮ್ಮೆ ಯಾರೋ ದೊಡ್ಡ ಮನುಷ್ಯರು ಫೋನು ಹಿಡಿದೇ ಒಳನುಗ್ಗಿದಾಗ ಕೊರಳಪಟ್ಟಿ ಹಿಡಿದು ಹೊರಗೆಳೆದಿದ್ದಳು. ಆಮೇಲೆ ಅವಳಿಂದ ವಿವರಣೆ ಕೇಳಿದರು. ‘ಫೋನು ಉಳಿಯಿತು, ಮನುಷ್ಯರೂ ಉಳಿದರು’ ಎಂದು ಒಂದೇ ಸಾಲು ಬರೆದುಕೊಟ್ಟಳು.

ಅವಳಿಗೆ ಹತ್ತೊಂಬತ್ತು, ತಮ್ಮನಿಗೆ ಹದಿನಾಲ್ಕು ಇದ್ದಾಗ ತಾಯಿ ಹೋದಳು. ತಂದೆ ಅದಕ್ಕೂ ಮುಂಚೆಯೇ ಹೋಗಿದ್ದ. ಅವಳು ಎಕ್ಸ್‌ರೇ ವಿಭಾಗದ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುವ ಕೆಲಸಕ್ಕೆ ಸೇರಿದಳು. ಬೆರಳೆಲ್ಲ ಔಷಧಿಯ ಹುಳಿ ವಾಸನೆ. ಆ ಕೈಯಿಂದ ತುತ್ತು ಕೊಟ್ಟರೆ ತಮ್ಮ ಮುಖ ಸಿಂಡರಿಸುತ್ತಿದ್ದ, ಅವಳು ತಲೆಗೊಂದು ಮೊಟಕುತ್ತಿದ್ದಳು, ಅವನು ತಿನ್ನುತ್ತಿದ್ದ. ಹಾಗೆ ಬೆಳೆದವನು ಬಸ್ಸಿನ ಡ್ರೈವರಾದ. ಹಗ್ಗ ಕಟ್ಟಿ ಎಳೆದ ಹಾಗೆ ನೇರವಾಗಿ ಓಡಿಸುತ್ತಾನೆ ಎಂದು ಡಿಪೋದಲ್ಲಿ ಹೆಸರು ತೆಗೆದುಕೊಂಡ. ಹತ್ತೊಂಬತ್ತು ವರ್ಷದಲ್ಲಿ ಒಂದು ಕನ್ನಡಿಯನ್ನೂ ಒಡೆದವನಲ್ಲ. ಅವಳು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, ಸುಮ್ಮನೆ ಮಲಗಿ ಅಂದರೆ ಎಂಟು ನಿಮಿಷ ಮಲಗಲಾರದ ಗಂಡಸರನ್ನು ದಿನಾ ನೋಡಿ ಸಾಕಾಗಿದೆ ಎನ್ನುತ್ತಿದ್ದಳು. ತಮ್ಮ, ಅವನ ಹೆಂಡತಿ, ಎಂಟು ವರ್ಷದ ಮಗಳು ಕೆಳಗಿನ ಮನೆಯಲ್ಲಿ. ಮೇಲಿನ ಒಂದು ಕೋಣೆಯಲ್ಲಿ ಅವಳು. ಊಟ ಮಾತ್ರ ಎಲ್ಲರದೂ ಒಂದೇ ಮೇಜಿನಲ್ಲಿ.

ಈ ಕಥೆಗೆ ಕಾರಣವಾದ ಪರೀಕ್ಷೆ ಶುರುವಾಗಿದ್ದು ಒಂದು ಅಪಘಾತದಿಂದ. ತೂಕಡಿಸಿದ ಡ್ರೈವರೊಬ್ಬ ಬಸ್ಸನ್ನು ಸೇತುವೆಯ ಕಟ್ಟೆಗೆ ಗುದ್ದಿದ. ಬಸ್ ಕಂಪನಿಯವರು ಹೆದರಿ, ತಮ್ಮ ಹಳೆಯ ಡ್ರೈವರುಗಳ ತಲೆ ನೋಡಿಕೊಡಿ ಎಂದು ಆಸ್ಪತ್ರೆಯ ಬಾಗಿಲಿಗೆ ಬಂದರು. ಸ್ಕ್ಯಾನಿಂಗ್ ವಿಭಾಗದ ದೊಡ್ಡ ಡಾಕ್ಟರಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು ಅಂತಲೇ ಹೇಳಬೇಕು, ಏಕೆಂದರೆ ಅವರ ಬಳಿ ಒಂದು ಹೊಸ ಸಿದ್ಧಾಂತ ಹೊಸ ಅಂಗಿಯ ಹಾಗೆ ಮಡಿಸಿಟ್ಟದ್ದು ಸಿದ್ಧವಾಗಿತ್ತು. ಮನುಷ್ಯ ಏನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ ಮಿದುಳಿನ ಒಂದೊಂದು ಚೂರಿಗೂ ರಕ್ತ ಹೆಚ್ಚುಕಡಿಮೆ ಹರಿಯುತ್ತಲೇ ಇರುತ್ತದೆ. ಯಂತ್ರ ಎರಡು ಸೆಕೆಂಡಿಗೊಂದು ಚಿತ್ರ ತೆಗೆದು ಆ ಏರಿಳಿತ ಹಿಡಿಯುತ್ತದೆ. ಒಂದು ಚೂರು ಏರಿದಾಗ ಅಕ್ಕಪಕ್ಕದವೂ ಏರುತ್ತವೆಯೇ, ಇಳಿದಾಗ ಅವೂ ಇಳಿಯುತ್ತವೆಯೇ ಎಂದು ಲೆಕ್ಕ ಹಾಕಿದರೆ ಆ ಜಾಗದ ನೆರೆಹೊರೆ ಎಷ್ಟು ಒಂದೇ ಥರ ನಡೆಯುತ್ತಿದೆ ಎಂದು ತಿಳಿಯುತ್ತದೆ. ಹಣೆಯ ಹಿಂದಿನ ಭಾಗದಲ್ಲಿ ಈ ಹೋಲಿಕೆ ಅತಿಯಾದರೆ ಅದು ಎಚ್ಚರ ಕೈಕೊಡುವ ಲಕ್ಷಣ ಎಂದು ದೊಡ್ಡ ಡಾಕ್ಟರು ನಂಬಿದ್ದರು. ನಂಬಿದ್ದರು ಅಷ್ಟೇ, ಆದರೆ ಅವರು ನಂಬಿದ್ದನ್ನು ನಂಬದಿರುವ ಧೈರ್ಯ ಆ ನೆಲಮಾಳಿಗೆಯಲ್ಲಿ ಯಾರಿಗೂ ಇರಲಿಲ್ಲ.

ಮೊದಲು ಆಸ್ಪತ್ರೆಯ ಸಿಬ್ಬಂದಿಯನ್ನೇ ಆರೋಗ್ಯವಂತರೆಂದು ಹಿಡಿದು ಮೂವತ್ತು ತಲೆ ತೆಗೆದರು. ಅದರಲ್ಲಿ ದೊಡ್ಡ ಡಾಕ್ಟರ ತಲೆಯೂ ಒಂದು. ಲೆಕ್ಕ ಹಾಕುವವರು ಕಾಲೇಜಿನಿಂದ ನಿವೃತ್ತರಾಗಿ ಬಂದಿದ್ದ ಗಣಿತದ ಮೇಷ್ಟ್ರು. ಅವರು ಹಳೇ ಚಾಳಿಯಂತೆ ಪ್ರತಿ ತಲೆಗೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ಆರೋಗ್ಯವಂತರಿಗೆ ನಲವತ್ತರ ಆಸುಪಾಸು. ಐವತ್ತು ದಾಟಿದರೆ ನಪಾಸು ಎಂದು ದೊಡ್ಡ ಡಾಕ್ಟರು ಗೆರೆ ಎಳೆದರು.

ಆಮೇಲೆ ಡ್ರೈವರುಗಳು ಬಂದರು. ಊರೊಳಗೆ ಓಡಿಸುವ ನಲವತ್ತೊಂದು ಜನ ಮೊದಲು, ದೂರದ ದಾರಿಯ ಹದಿನಾಲ್ಕು ಜನ ಕೊನೆಗೆ. ನಲವತ್ತೊಂದೂ ಪಾಸು. ಹದಿನಾಲ್ಕೂ ನಪಾಸು. ಅವಳ ತಮ್ಮ ಆ ಹದಿನಾಲ್ಕರಲ್ಲಿ ಒಬ್ಬ. ಅವನ ಅಂಕ ಐವತ್ತೆಂಟು.

ಅವನಿಗೆ ದಿನ ಗೊತ್ತುಮಾಡಿದ್ದು ಅವಳೇ. ತಲೆಯ ಎರಡೂ ಬದಿಗೆ ಸ್ಪಂಜು ತುರುಕಿದವಳೂ ಅವಳೇ. ದೂರದ ದಾರಿ, ಒಂದೇ ಥರದ ರಸ್ತೆ, ಅದಕ್ಕೇ ಮಿದುಳು ಮಂಕು ಹಿಡಿದಿದೆ ಎಂದು ದೊಡ್ಡ ಡಾಕ್ಟರು ವಿವರಿಸಿದಾಗ ಅವಳು ತಲೆಯಾಡಿಸಿದಳು. ಮನೆಗೆ ಬಂದು ಕಂಪನಿಯವರ ಮೇಲೆ ಹರಿಹಾಯ್ದಳು, ನನ್ನ ತಮ್ಮನನ್ನು ಗಾಣಕ್ಕೆ ಕಟ್ಟಿದ ಹಾಗೆ ದುಡಿಸಿ ಅವನ ತಲೆ ಹಾಳುಮಾಡಿದರು ಎಂದು ಕೂಗಾಡಿದಳು. ಮಾರನೆಯ ದಿನದಿಂದ ಅವನಿಗೆ ಡಿಪೋದ ಟಯರ್ ಶೆಡ್ಡಿನಲ್ಲಿ ಕೆಲಸ. ಬಸ್ಸು ಓಡಿಸಿದವನು ಬಸ್ಸಿನ ಕಾಲು ಒರೆಸುವ ಹಾಗಾಯಿತು.

ಕೆಲಸ ಬದಲಾದದ್ದು ದೊಡ್ಡದಲ್ಲ. ದೊಡ್ಡದೆಂದರೆ ಅವನು ತನ್ನನ್ನೇ ನಂಬದೆ ಹೋದದ್ದು. ಸ್ಕೂಟರ್ ಮುಟ್ಟುವುದು ಬಿಟ್ಟ. ಮಗಳನ್ನು ಶಾಲೆಗೆ ನಡೆಸಿಕೊಂಡು ಹೋಗುತ್ತಿದ್ದ, ಅದೂ ಗೋಡೆಗೆ ಒತ್ತಿಕೊಂಡು. ಊಟ ಮಾಡುತ್ತಾ ಮಾಡುತ್ತಾ ನಿಲ್ಲಿಸಿ, ಈಗ ನಾನು ತೂಕಡಿಸಿದೆನಾ ಎಂದು ಹೆಂಡತಿಯನ್ನು ಕೇಳುತ್ತಿದ್ದ. ಮಲಗುವ ಮುಂಚೆ ಗ್ಯಾಸು ಆರಿಸಿದ್ದೇನೆಯೋ ಇಲ್ಲವೋ ಎಂದು ನಾಲ್ಕು ಸಲ ಎದ್ದು ನೋಡುತ್ತಿದ್ದ. ಎಡಗೈಯ ಮೇಲೆ ಚಿವುಟಿಕೊಂಡ ಗುರುತುಗಳು ಸಾಲಾಗಿ ಕಪ್ಪುಗಟ್ಟಿದ್ದವು. ಅವನ ಹೆಂಡತಿ ಒಂದು ದಿನ ಮೇಲಿನ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, “ಅತ್ತಿಗೆ, ಅವರ ತಲೇಲಿ ನಿಜವಾಗ್ಲೂ ಏನಿದೆ? ನಿಮಗೆ ಗೊತ್ತಿರುತ್ತಲ್ಲ, ನನಗಾದ್ರೂ ಹೇಳಿ” ಎಂದಳು. ಇಪ್ಪತ್ತಮೂರು ವರ್ಷ ಚಿತ್ರ ತೆಗೆದವಳಿಗೆ ಆ ಅಂಕ ಹೇಗೆ ಬರುತ್ತದೆ ಎಂದು ಗೊತ್ತಿರಲಿಲ್ಲ. ತನ್ನ ಮೇಲೆ ತನಗೇ ರೇಗಿತು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಗಣಿತದ ಮೇಷ್ಟ್ರ ಎದುರು ಕುರ್ಚಿ ಎಳೆದುಕೊಂಡು ಕೂತಳು. ಮೇಷ್ಟ್ರಿಗೆ ಕೇಳುವವರು ಸಿಕ್ಕಿದ್ದೇ ಖುಷಿ. ಮೂರು ಮಿಲಿಮೀಟರಿನ ಒಂದು ಚೂರು, ಅದರ ಮೇಲೆ ಕೆಳಗೆ ಅಕ್ಕಪಕ್ಕ ಮೂಲೆಮೂಲೆ ಸೇರಿ ಇಪ್ಪತ್ತಾರು ಚೂರು. ಒಟ್ಟು ಇಪ್ಪತ್ತೇಳು. ಒಂದೊಂದೂ ಎಂಟು ನಿಮಿಷದಲ್ಲಿ ಯಾವಾಗ ಅತಿ ಎತ್ತರ, ಯಾವಾಗ ಅತಿ ತಗ್ಗು ಎಂದು ಕ್ರಮ ಬರೆದುಕೊಳ್ಳುವುದು. ಇಪ್ಪತ್ತೇಳರ ಕ್ರಮವೂ ತಾಳೆಯಾದರೆ ನೂರಕ್ಕೆ ನೂರು, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಸೊನ್ನೆಯ ಹತ್ತಿರ. ಹೀಗೇ ಇಡೀ ಮಿದುಳಿಗೆ.

“ಆದ್ರೆ ಒಂದು ಮಾತ್ರ ಮಾಡಬಾರದು ನೋಡಿ,” ಎಂದರು ಮೇಷ್ಟ್ರು. “ಲೆಕ್ಕ ಹಾಕೋಕೆ ಮುಂಚೆ ಚಿತ್ರ ನಯ ಮಾಡಬಾರದು. ನಯ ಮಾಡೋದು ಅಂದ್ರೆ ಏನು? ಪ್ರತಿ ಚೂರಿಗೂ ಪಕ್ಕದ್ದನ್ನ ಸ್ವಲ್ಪ ಸ್ವಲ್ಪ ಬೆರೆಸೋದು. ಹುಡುಗರನ್ನ ಒಬ್ಬರದ್ದೊಬ್ಬರು ನೋಡ್ಕೊಂಡು ಬರೀರಿ ಅಂತ ಬಿಟ್ಟು, ಆಮೇಲೆ ಎಲ್ಲರ ಉತ್ತರಾನೂ ಒಂದೇ ಇದೆಯಲ್ಲ ಅಂತ ಬೆರಗಾದ ಹಾಗೆ. ನಯ ಏನಿದ್ರೂ ಲೆಕ್ಕ ಆದ ಮೇಲೆ. ನಾನಂತೂ ಯಾವತ್ತೂ ಮೊದಲು ಮಾಡಿಲ್ಲ.”

ಮೇಷ್ಟ್ರು ಮಾಡಿರಲಿಲ್ಲ. ಅವಳು ಮಾಡಿದ್ದಳು.

ಯಂತ್ರದ ಪರದೆಯ ಮೇಲೆ, ಯಾರೂ ತೆರೆಯದ ಒಂದು ಮೂಲೆಯಲ್ಲಿ, ಚಿತ್ರ ನಯವಾಗಿಸುವ ಫಿಲ್ಟರಿನ ಸಣ್ಣ ಚೌಕವಿದೆ. ಮೊದಲ ನಲವತ್ತೊಂದು ಡ್ರೈವರುಗಳು ಮುಗಿದ ದಿನ ದೊಡ್ಡ ಡಾಕ್ಟರು ಬಂದು ಪರದೆಗೆ ಬೆರಳು ಕುಟ್ಟಿ, ಇದೇನು ಮರಳು ಮರಳಾಗಿದೆ, ಹೊರಗಿನವರ ಮುಂದೆ ತೋರಿಸೋಕೆ ನಾಚಿಕೆ ಆಗುತ್ತೆ ಎಂದಿದ್ದರು. ನಾಲ್ಕು ಜನರ ಎದುರು. ಅವಳ ಮುಖ ಕೆಂಪಾಗಿತ್ತು. ಅವರು ಹೋದ ಮೇಲೆ ಆ ಚೌಕದೊಳಗೆ ಒಂದು ಗುರುತು ಹಾಕಿದಳು. ಮುಂದಿನ ವಾರ ಚಿತ್ರ ನೋಡಿ ದೊಡ್ಡ ಡಾಕ್ಟರು, “ನೋಡಿ, ಬೆಣ್ಣೆ ಬೆಣ್ಣೆ! ಕೈ ಅಂದ್ರೆ ಇದು ಕೈ” ಎಂದು ಬೆನ್ನು ತಟ್ಟಿದ್ದರು. ಆ ಹೊಗಳಿಕೆಯನ್ನು ಅವಳು ಮನೆಗೆ ಒಯ್ದು ಊಟದ ಮೇಜಿನಲ್ಲಿ ಎರಡು ಸಲ ಹೇಳಿದ್ದಳು. ತಮ್ಮನೂ ನಕ್ಕಿದ್ದ.

ಅವಳದ್ದೊಂದು ದಿನಚರಿ ಪುಸ್ತಕವಿತ್ತು. ಯಂತ್ರದ ಸದ್ದು ಸ್ವಲ್ಪ ಬದಲಾದರೂ ಬರೆದಿಡುವ ಅಭ್ಯಾಸ. ಓಡಿಹೋಗಿ ತೆಗೆದಳು. ‘ಇಂದಿನಿಂದ ಫಿಲ್ಟರ್’ ಎಂಬ ಸಾಲು ಅವಳದೇ ಅಕ್ಷರದಲ್ಲಿ, ಅಡಿಗೆರೆ ಸಮೇತ. ಅದರ ಕೆಳಗೆ ಎಣಿಸಿದರೆ ಡ್ರೈವರುಗಳ ಹದಿನಾಲ್ಕು ತಲೆ. ಹದಿಮೂರಲ್ಲ, ಹದಿನೈದಲ್ಲ. ದೂರದ ದಾರಿಯೂ ಇಲ್ಲ, ಮಂಕೂ ಇಲ್ಲ. ಒಂದು ಗುರುತು, ಅಷ್ಟೇ.

ಮೇಷ್ಟ್ರು ಒಮ್ಮೆಗೆ ನಂಬಲಿಲ್ಲ. ಪರೀಕ್ಷೆ ಮಾಡಿಬಿಡೋಣ ಎಂದರು. ಯಂತ್ರ ಸರಿಯಿದೆಯೇ ನೋಡಲು ನೀರು ತುಂಬಿದ ಒಂದು ದುಂಡನೆಯ ಪ್ಲಾಸ್ಟಿಕ್ ಚೆಂಡು ಇರುತ್ತದೆ, ತಲೆಯಷ್ಟೇ ಗಾತ್ರದ್ದು. ಅದನ್ನು ತಲೆ ಇಡುವ ಜಾಗದಲ್ಲಿಟ್ಟು ಎಂಟು ನಿಮಿಷ ಫಿಲ್ಟರ್ ಇಲ್ಲದೆ, ಎಂಟು ನಿಮಿಷ ಫಿಲ್ಟರ್ ಹಾಕಿ ತೆಗೆದಳು. ಮೊದಲನೆಯದಕ್ಕೆ ನಾಲ್ಕು ಅಂಕ ಬಂತು. ಎರಡನೆಯದಕ್ಕೆ ಮೂವತ್ತೊಂದು. ಚೆಂಡಿನಲ್ಲಿ ಮಿದುಳಿಲ್ಲ, ರಕ್ತವಿಲ್ಲ, ಇದ್ದದ್ದು ನೀರು. ಆ ನೀರಿನ ನೆರೆಹೊರೆಗೂ ಒಂದು ಚೌಕದ ಗುರುತಿನಿಂದ ಒಗ್ಗಟ್ಟು ಬಂದುಬಿಟ್ಟಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು.

ಇಬ್ಬರೂ ದೊಡ್ಡ ಡಾಕ್ಟರ ಕೋಣೆಗೆ ಹೋದರು. ಅವಳು ಎಲ್ಲವನ್ನೂ ಹೇಳಿದಳು, ತನ್ನ ಕೈ ಎಂದೂ ಹೇಳಿದಳು. ಡಾಕ್ಟರು ಕೇಳಿಸಿಕೊಂಡು ಪೆನ್ನಿನ ಟೊಪ್ಪಿ ಹಾಕಿದರು. ನೀರು ಬೇರೆ, ಮಿದುಳು ಬೇರೆ ಎಂದರು. ಈ ಬಗ್ಗೆ ತಾವು ವೈದ್ಯಕೀಯ ಪತ್ರಿಕೆಗೆ ಬರೆದ ಲೇಖನ ಈಗಾಗಲೇ ಒಪ್ಪಿತವಾಗಿದೆ, ಕಂಪನಿಗೆ ವರದಿ ಹೋಗಿದೆ, ಅಲ್ಪಸ್ವಲ್ಪ ಫಿಲ್ಟರಿನಿಂದ ಇಂಥ ವ್ಯತ್ಯಾಸ ಬರಲಾರದು ಎಂದರು. ಕೊನೆಗೆ ಮೆತ್ತಗೆ, ತಮ್ಮ ಅಂತ ನಿಮಗೆ ಸಂಕಟ, ಅರ್ಥವಾಗುತ್ತೆ ಎಂದರು.

ಆ ಮೆತ್ತಗಿನ ಮಾತು ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಉರಿದುಹೋಯಿತು ಮೈ. ಹಲ್ಲು ಕಚ್ಚಿ ಹೇಳಿದಳು, “ಸಂಕಟ ಇದೆ ಸಾರ್. ಅದಕ್ಕೇ ನನ್ನ ತಮ್ಮನ ತಲೆ ಬೇಡ, ನನ್ನ ತಲೇನೂ ಬೇಡ. ಆರೋಗ್ಯವಂತರ ಪಟ್ಟೀಲಿ ನಿಮ್ಮದೊಂದಿದೆ. ನಲವತ್ತಮೂರು. ಬನ್ನಿ, ಮಲಗಿ. ಆ ಹದಿನಾಲ್ಕು ಜನಕ್ಕೆ ಹೇಗೆ ತೆಗೆದೆನೋ ಹಾಗೇ ತೆಗೀತೀನಿ.”

ಮೇಷ್ಟ್ರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ದೊಡ್ಡ ಡಾಕ್ಟರು ಒಲ್ಲೆ ಎನ್ನುತ್ತಿದ್ದರೋ ಏನೋ, ಆದರೆ ಮೇಷ್ಟ್ರ ಮುಂದೆ ಒಲ್ಲೆ ಎಂದರೆ ಹೆದರಿದ ಹಾಗಾಗುತ್ತದೆ. ಅಹಂಕಾರವೂ ಒಮ್ಮೊಮ್ಮೆ ಒಳ್ಳೆಯ ಕೆಲಸಕ್ಕೆ ಬರುತ್ತದೆ. ಕೋಟು ಬಿಚ್ಚಿದರು, ಗಡಿಯಾರ ಬಿಚ್ಚಿದರು, ಬೆಲ್ಟು ಬಿಚ್ಚಿದರು. ಅವಳು ಎಲ್ಲರಿಗೂ ಕೇಳುವ ಹಾಗೆ ಜೇಬು ತೋರಿಸಿ ಎಂದಳು. ತೋರಿಸಿದರು. ತಲೆಗೆ ಸ್ಪಂಜು ತುರುಕುವಾಗ ತುಸು ಬಿಗಿಯಾಗಿಯೇ ತುರುಕಿದಳು, ಸುಳ್ಳೇಕೆ ಹೇಳಬೇಕು. ಗಾಜಿನೀಚೆ ಬಂದು ಕೂತು ಮೈಕು ಒತ್ತಿ, “ಅಲ್ಲಾಡಬೇಡಿ” ಎಂದಳು. ಇಪ್ಪತ್ತಮೂರು ವರ್ಷದಲ್ಲಿ ಆ ಮಾತನ್ನು ಅಷ್ಟು ಮನಸಾರೆ ಹೇಳಿದ್ದು ಅದೇ ಮೊದಲು.

ಫಿಲ್ಟರ್ ಇಲ್ಲದೆ ನಲವತ್ತೆರಡು. ಫಿಲ್ಟರ್ ಹಾಕಿ ಐವತ್ತೇಳು. ನಡುವೆ ಕಳೆದದ್ದು ಒಂದು ನಿಮಿಷವೂ ಅಲ್ಲ.

ದೊಡ್ಡ ಡಾಕ್ಟರು ಪರದೆಯನ್ನೇ ನೋಡುತ್ತಾ ನಿಂತರು. ಸ್ಪಂಜಿನಿಂದ ಕೂದಲು ಎರಡೂ ಕಡೆ ಎದ್ದು ನಿಂತಿತ್ತು. ಅವಳು ಕೈ ಚಾಚಿ, “ಸಾರ್, ಕಾರಿನ ಬೀಗದ ಕೈ ಕೊಡ್ತೀರಾ? ಐವತ್ತು ದಾಟಿದೋರು ಓಡಿಸೋ ಹಾಗಿಲ್ಲವಲ್ಲ” ಎಂದಳು. ಮೇಷ್ಟ್ರಿಗೆ ಕೆಮ್ಮು ಬಂತು. ಡಾಕ್ಟರು ಬೆಲ್ಟು ಕಟ್ಟಿಕೊಂಡರು.

ಅಲ್ಲಿಗೆ ಮುಗಿದಿದ್ದರೆ ಅವಳ ಬಗ್ಗೆ ಹೇಳಲು ಬರೀ ಒಳ್ಳೆಯದೇ ಇರುತ್ತಿತ್ತು. ಆದರೆ ಮಾರನೆಯ ದಿನ ಡಾಕ್ಟರು ಅವಳೊಬ್ಬಳನ್ನೇ ಕರೆಸಿದರು. ಹದಿನಾಲ್ಕು ಜನಕ್ಕೂ ಮತ್ತೆ ಸ್ಕ್ಯಾನ್ ಮಾಡೋಣ, ಪಾಸಾದವರನ್ನು ಕೆಲಸಕ್ಕೆ ಹಿಂದಿರುಗಿಸಲು ನಾನೇ ಬರೆಯುತ್ತೇನೆ, ಲೇಖನವನ್ನೂ ಹಿಂದಕ್ಕೆ ಪಡೆಯುತ್ತೇನೆ, ಆದರೆ ಕಾರಣ ಮಾತ್ರ ಹೊರಗೆ ಹೋಗುವುದು ಬೇಡ ಎಂದರು. ‘ತಾಂತ್ರಿಕ ಮರುಪರಿಶೀಲನೆ’ ಎಂದರೆ ಸಾಕು. ಇಲ್ಲದಿದ್ದರೆ ಗೂಬೆ ಕೂರುವುದು ನಿಮ್ಮ ತಲೆಯ ಮೇಲೆ, ಇನ್ನು ಏಳು ವರ್ಷ ಕೆಲಸ ಇದೆ ನಿಮಗೆ, ಯೋಚಿಸಿ ಎಂದರು. ಕೊರಳಪಟ್ಟಿ ಹಿಡಿದು ದೊಡ್ಡವರನ್ನು ಎಳೆದವಳು, ಯಾರಿಗೂ ಸೊಪ್ಪು ಹಾಕದವಳು, ಅವತ್ತು ಬಾಯಿಗೆ ಬೀಗ ಹಾಕಿಕೊಂಡು ಹೊರಬಂದಳು. ಕೆಲಸದ ಭಯ ಅರ್ಧ. ಇನ್ನರ್ಧ, ತಮ್ಮನಿಗೆ ಗೊತ್ತಾಗದಿದ್ದರೆ ಸಾಕು ಎಂಬ ಆಸೆ.

ಹದಿನಾಲ್ಕೂ ಜನ ಮತ್ತೆ ಬಂದು ಮಲಗಿದರು. ಅಂಕಗಳೆಲ್ಲ ಮೂವತ್ತೆಂಟರಿಂದ ನಲವತ್ತಾರರೊಳಗೆ. ವಾರದಲ್ಲಿ ಕಾಗದ ಹೋಯಿತು. ಹದಿಮೂರು ಜನ ಹಾರಿಕೊಂಡು ಹೋಗಿ ತಮ್ಮ ತಮ್ಮ ಸೀಟು ಹತ್ತಿದರು. ಅವಳ ತಮ್ಮ ಹತ್ತಲಿಲ್ಲ. ಡಿಪೋದವರು ಬೀಗದ ಕೈ ಕೊಟ್ಟರೆ ಬೇಡ ಎಂದು, ಟಯರ್ ಶೆಡ್ಡಿನಲ್ಲೇ ಇರುತ್ತೇನೆ ಎಂದು ಬರೆದುಕೊಟ್ಟ. ಅವಳು ಕೇಳಿದಾಗ ಅವನು ಕೊಟ್ಟ ಕಾರಣ ಸರಿಯಾಗಿಯೇ ಇತ್ತು.

“ಹೋದ ಸಲ ಐವತ್ತೆಂಟು, ಈ ಸಲ ನಲವತ್ತು. ಮುಂದಿನ ಸಲ ಎಷ್ಟೋ. ಏರ್ತಾ ಇಳೀತಾ ಇದೆ ಅಂತ ತಾನೇ ಅರ್ಥ? ಹಿಂದೆ ಐವತ್ತು ಜನ ಕೂತಿರ್ತಾರೆ ಅಕ್ಕ. ಏರಿದಾಗ ನನಗೆ ಗೊತ್ತಾಗುತ್ತಾ?”

ಮರುಪರಿಶೀಲನೆ ಅಂತ ಬರೆದಿದ್ದಾರಲ್ಲ ಎಂದಳು. ಹಾಗಂದರೇನು ಎಂದು ಅವನು ಕೇಳಿದ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೋ ಹೇಳಿ ಮೇಲಿನ ಕೋಣೆಗೆ ಹೋದಳು. ಮೂರು ವಾರ ಹಾಗೇ ನಡೆಯಿತು. ಗ್ಯಾಸಿನ ಗುಂಡಿ ತಿರುಗಿಸಿ ನೋಡುವ ಸದ್ದು ಮೇಲಿನ ತನಕ ಕೇಳುತ್ತಿತ್ತು, ಒಂದು, ಎರಡು, ಮೂರು, ನಾಲ್ಕು. ಸಿಟ್ಟು ಬರುತ್ತಿತ್ತು. ಡಾಕ್ಟರ ಮೇಲೆ, ಕಂಪನಿಯ ಮೇಲೆ, ಇಷ್ಟೂ ಅರ್ಥವಾಗದ ತಮ್ಮನ ಮೇಲೆ. ಅದೆಲ್ಲ ಸುತ್ತಾಡಿ ಬಂದು ನಿಲ್ಲಬೇಕಾದ ಜಾಗ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅಲ್ಲಿಗೆ ಮಾತ್ರ ಬಿಡುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ತಮ್ಮನ ಮಗಳು ಸ್ಕೂಟರಿನ ಮೇಲೆ ಒಂದು ಸುತ್ತು ಹಾಕಿಸು ಎಂದು ಅಪ್ಪನ ಬೆನ್ನು ಬಿದ್ದಳು. ಆಗಲ್ಲ ಎಂದ. ಹುಡುಗಿ ಅತ್ತಳು. ಅವನು ಮೇಜಿನ ಮುಂದೆ ಕೂತು ಅವಳ ಶಾಲೆಯ ಶೂ ಹೊಲಿಯುತ್ತಾ, ಅಪ್ಪನ ತಲೆ ಕೆಟ್ಟಿದೆ ಪುಟ್ಟಿ ಎಂದು ಸಮಾಧಾನ ಮಾಡಿದ. ಎಂಟು ವರ್ಷದ ಮಗುವಿಗೆ ಹೇಳುವ ಮಾತೇ ಅದು? ಹುಡುಗಿ ಅಳು ನಿಲ್ಲಿಸಿ, ಹೆದರಿದ ಕಣ್ಣಿನಿಂದ ಅವನ ಹಣೆಯನ್ನೇ ನೋಡಿದಳು. ಅತ್ತೆಯಾದವಳು ಬಾಗಿಲಲ್ಲಿ ನಿಂತು ಅದನ್ನು ಕಂಡಳು. ಮಗುವನ್ನು ಆಚೆ ಕಳಿಸಿ, ಅವನ ಎದುರು ಕೂತಳು.

“ನಿನ್ನ ತಲೆ ಏರಿಯೂ ಇಲ್ಲ, ಇಳಿದೂ ಇಲ್ಲ ಕಣೋ. ನಾನು ಮೆಷಿನ್ನಲ್ಲಿ ಒಂದು ಗುರುತು ಹಾಕಿದ್ದೆ. ಚಿತ್ರ ಚೆಂದ ಬರ್ಲಿ ಅಂತ. ಡಾಕ್ಟರು ಭೇಷ್ ಅನ್ಲಿ ಅಂತ. ಅದು ಹಾಕಿದ್ರೆ ಯಾರ ತಲೆಯಾದ್ರೂ ಐವತ್ತು ದಾಟುತ್ತೆ. ಡಾಕ್ಟರ ತಲೇನೂ ದಾಟ್ತು.”

ಅವನ ಸೂಜಿ ನಿಂತಿತು. ಎಲ್ಲವನ್ನೂ ಹೇಳಿದಳು. ಚೌಕ, ದಿನಚರಿ ಪುಸ್ತಕ, ನೀರಿನ ಚೆಂಡು, ಕಾರಿನ ಬೀಗದ ಕೈ. ಕೊನೆಯದಕ್ಕೆ ನಗುತ್ತಾನೇನೋ ಎಂದು ಒಂದು ಕ್ಷಣ ಕಾದಳು. ಅವನು ನಗಲಿಲ್ಲ.

“ಇದು ನಿನಗೆ ಗೊತ್ತಾಗಿ ಎಷ್ಟು ದಿನ ಆಯ್ತು?”

“ಐದು ವಾರ.”

ಅವನು ಶೂವನ್ನು ಮೇಜಿನ ಮೇಲಿಟ್ಟ. ಗುರುತು ಹಾಕಿದ್ದು ಬಿಡು, ಕೈತಪ್ಪು ಎಂದ. ದನಿ ಏರುತ್ತಾ ಹೋಯಿತು. ಅಕ್ಕನ ಮುಂದೆ ಯಾವತ್ತೂ ಏರದ ದನಿ. “ಐದು ವಾರ ನಾನು ಗ್ಯಾಸು ನೋಡೋದನ್ನ ನೋಡ್ತಾ ಕೂತಿದ್ದೆಯಲ್ಲ. ನನ್ನ ಮಗಳ ಮುಂದೆ ನಾನು ಹುಚ್ಚನಾಗೋದನ್ನ ನೋಡ್ತಾ ಕೂತಿದ್ದೆಯಲ್ಲ. ಕೈಯೆಲ್ಲ ಚಿವುಟಿಕೊಂಡು... ನೀನು ಅಕ್ಕನಾ?” ಕುರ್ಚಿಯನ್ನು ಒದ್ದ. ಅದು ಗೋಡೆಗೆ ಬಡಿದು ಉರುಳಿತು. ಅವನ ಹೆಂಡತಿ ಒಳಗಿನಿಂದ ಓಡಿಬಂದಳು. ಅಕ್ಕ ಮೂವತ್ತೆರಡು ವರ್ಷ ಬೈದು ಬೈದು ಸಾಕಿದವನು ಮೊದಲ ಸಲ ತಿರುಗಿ ಬೈಯುತ್ತಿದ್ದ. ಅವನ ಒಂದು ಮಾತೂ ತಪ್ಪಿರಲಿಲ್ಲ.

ಬೈದು ಮುಗಿಸಿದವನು ಸ್ಕೂಟರಿನ ಬೀಗದ ಕೈ ತೆಗೆದುಕೊಂಡ. ಹೊರಗೆ ಅದು ನಾಲ್ಕೈದು ಸಲ ಕೆಮ್ಮಿ ಹೊತ್ತಿಕೊಂಡಿತು. ಬೀದಿಯ ಕೊನೆಯ ತನಕ ಸದ್ದು ಕೇಳಿತು. ಡಿಪೋಗೆ ಹೋದನಂತೆ. ಅವತ್ತೇ ಬೀಗದ ಕೈ ಕೊಡಿ, ನಾಳೆಯಿಂದ ನನ್ನ ಬಸ್ಸು ನನಗೆ ಬೇಕು ಎಂದು ಜಗಳ ಆಡಿ ಬಂದನಂತೆ. ಇದೆಲ್ಲ ಅವಳಿಗೆ ತಮ್ಮನ ಹೆಂಡತಿಯಿಂದ ಗೊತ್ತಾದದ್ದು, ಏಕೆಂದರೆ ಅಂದಿನಿಂದ ಅವನು ಅಕ್ಕನ ಜೊತೆ ಮಾತು ಬಿಟ್ಟ. ಊಟದ ಮೇಜಿಗೆ ಅವಳು ಬಂದರೆ ತಟ್ಟೆ ಎತ್ತಿಕೊಂಡು ಏಳುತ್ತಿದ್ದ. ಅವಳು ಮೇಲೇ ಅಡುಗೆ ಮಾಡಿಕೊಳ್ಳತೊಡಗಿದಳು.

ಸೋಮವಾರ ಅವಳು ಒಂದೂವರೆ ಪುಟ ಬರೆದು, ದಿನಚರಿಯ ಆ ಹಾಳೆಯ ನಕಲು ಸೇರಿಸಿ, ಸಹಿ ಹಾಕಿ ಬಸ್ ಕಂಪನಿಗೂ ಆ ಹದಿನಾಲ್ಕು ಮನೆಗಳಿಗೂ ಕಳಿಸಿದಳು. ಉಳಿದ ಹದಿಮೂರು ಜನರಲ್ಲಿ ಇನ್ನೆಷ್ಟು ಜನ ಗ್ಯಾಸು ತಿರುಗಿಸಿ ನೋಡುತ್ತಿದ್ದಾರೋ ಯಾರಿಗೆ ಗೊತ್ತು. ದೊಡ್ಡ ಡಾಕ್ಟರು ಕೆಂಡಾಮಂಡಲವಾದರು. ವಿಚಾರಣೆ ನಡೆಯಿತು. ಗಣಿತದ ಮೇಷ್ಟ್ರು ಬಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಆದರೂ ಅವಳನ್ನು ಯಂತ್ರದಿಂದ ತೆಗೆದು, ಮೂಳೆ ಮುರಿದವರ ಎಕ್ಸ್‌ರೇ ಕೋಣೆಗೆ ಹಾಕಿದರು. ಅವಳು ಅಲ್ಲೂ ಅದೇ ಮಾತು ಹೇಳುತ್ತಿದ್ದಳು, ಅಷ್ಟೇ ಜೋರಾಗಿ.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟು ದೊಡ್ಡ ರಸ್ತೆಯ ಸ್ಟಾಪಿನಲ್ಲಿ ನಿಂತಿದ್ದಳು. ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ದೂರದ ದಾರಿಯ ಬಸ್ಸೊಂದು ಬರುವುದು ಕಂಡಿತು. ಕೈ ತೋರಿಸಿದವರಿಗೆ ಅಲ್ಲಿ ನಿಲ್ಲಿಸುವುದು ವಾಡಿಕೆ. ಕೈ ಎತ್ತಿದ ಮೇಲೆ ಗೊತ್ತಾಯಿತು, ಮುಂದಿನ ಗಾಜಿನ ಹಿಂದೆ ಕೂತಿದ್ದವನು ತಮ್ಮ. ಅವನೂ ನೋಡಿದ. ನೋಡಿದ್ದು ಅವಳಿಗೆ ಚೆನ್ನಾಗಿ ಕಂಡಿತು. ಬಸ್ಸು ವೇಗ ಇಳಿಸಲಿಲ್ಲ. ಅವಳ ಮುಂದೆಯೇ ಧೂಳೆಬ್ಬಿಸಿಕೊಂಡು ಹೋಯಿತು, ಹಿಂದಿನ ಸೀಟಿನವರು ಯಾರೋ ತಿರುಗಿ ನೋಡಿದರು.

ಅವಳ ಮೈಯೆಲ್ಲ ಉರಿಯಿತು. ಎತ್ತಿದ ಕೈಯನ್ನೇ ಮುಷ್ಟಿ ಮಾಡಿ, ಸೊಕ್ಕು ನೋಡು ಇವನದ್ದು, ಸಾಕಿದ ಅಕ್ಕನನ್ನು ಬೀದಿಯಲ್ಲಿ ನಿಲ್ಲಿಸಿ ಹೋಗ್ತಾನೆ, ಮನೆಗೆ ಬಾ ಮಾಡ್ತೀನಿ ಎಂದು ಖಾಲಿ ರಸ್ತೆಗೆ ಕೇಳುವ ಹಾಗೆ ಬೈದಳು. ಮುಂದೆ ರಸ್ತೆ ಅಗೆದ ಕಡೆ ಎದುರಿನಿಂದ ಲಾರಿ ಬರುತ್ತಿತ್ತು. ಅವಳ ಬಾಯಿ ನಿಂತಿತು. ಬಸ್ಸು ತುಸು ಎಡಕ್ಕೆ ಸರಿದು, ಲಾರಿಗೆ ದಾರಿ ಕೊಟ್ಟು, ಮತ್ತೆ ಗೆರೆಗೆ ಬಂತು. ಒಂದಿಷ್ಟೂ ಅಲ್ಲಾಡದೆ ತಿರುವಿನ ತನಕ ನೇರವಾಗಿ ಹೋಯಿತು. ಅವಳು ಕಣ್ಣು ಮಂಜಾಗುವ ತನಕ ಅದನ್ನೇ ನೋಡಿದಳು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಬೈಗುಳವನ್ನು ಬಿಟ್ಟಲ್ಲಿಂದ ಮುಂದುವರಿಸಿದಳು.